ಏಳು ತಾಲ್ಲೂಕಿನ ಮೈಕ್ ಟೆಸ್ಟ್: ಮಲೆನಾಡಿನಲ್ಲಿ ಆಡಿಯೊ ಪ್ರೊಡಕ್ಷನ್ ಓದುವವರಿಗೆ

ಇಪ್ಪತ್ತು ಜನರ ಬ್ಯಾಚಿಗೆ ವಾರಕ್ಕೆ ಮೂರು ಗಂಟೆ ಸ್ಟುಡಿಯೊ ಪ್ರಾಕ್ಟಿಕಲ್ ಇದೆ ಅಂದುಕೊಳ್ಳಿ. ತಲೆಗೆ ಒಂಬತ್ತು ನಿಮಿಷ ಬಂತು. ಕೇಬಲ್ ಹುಡುಕಿ, ಕಂಪ್ಯೂಟರ್ ಆನ್ ಮಾಡಿ, ಹಿಂದಿನ ಬ್ಯಾಚಿನವರು ಬದಲಿಸಿಟ್ಟ ಸೆಟ್ಟಿಂಗ್ ಸರಿಪಡಿಸುವಷ್ಟರಲ್ಲಿ ಅದರಲ್ಲೂ ನಾಲ್ಕು ಹೋಗಿರುತ್ತದೆ. ಉಳಿದ ಐದು ನಿಮಿಷದಲ್ಲಿ ಯಾರ ಕಿವಿಯೂ ಪಳಗುವುದಿಲ್ಲ. ಅದು ಪಳಗಬೇಕಾದ್ದು ಮನೆಯಲ್ಲಿ, ದಿನಾ ಅರ್ಧ ಗಂಟೆ. ಮಲೆನಾಡಿನ ಮನೆಯಲ್ಲಿ ಆ ಅರ್ಧ ಗಂಟೆಗೆ ಅಡ್ಡ ಬರುವುದು ಮಳೆ, ತೇವ ಮತ್ತು ಕರೆಂಟು. ಹಾಗಾಗಿ ಇಲ್ಲಿನ ಹೆಚ್ಚಿನ ಮಾತು ಇವುಗಳ ಸುತ್ತಲೇ ಇದೆ.

ಕೋರ್ಸ್ ಆಯ್ಕೆಯ ಬಗ್ಗೆ ಎರಡೇ ಮಾತು. ಪದವಿಯಲ್ಲಿ ಪತ್ರಿಕೋದ್ಯಮ ಅಥವಾ ಎಲೆಕ್ಟ್ರಾನಿಕ್ ಮೀಡಿಯಾ ಓದಿ, ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂಎ ಮಾಡುವುದು ಒಂದು ದಾರಿ. ಶಬ್ದಗ್ರಹಣವೇ ಕಸುಬಾಗಬೇಕು ಅನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯ ಡಿಪ್ಲೊಮಾ ಇದೆ. ಪದವಿ ಮುಗಿದ ಮೇಲಾದರೆ ಪುಣೆಯ ಚಲನಚಿತ್ರ ಸಂಸ್ಥೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇವೆ. ಯಾವುದೇ ಕಾಲೇಜಿಗೆ ಸೇರುವ ಮುಂಚೆ ಹೋಗಿ ನೋಡಿ ಬನ್ನಿ. ಸ್ಟುಡಿಯೊದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. "ಟಪ್" ಅಂತ ಅಲ್ಲೇ ಸತ್ತರೆ ಸರಿ. "ಟರ್ರ್" ಅಂತ ಗೋಡೆಯಿಂದ ಗೋಡೆಗೆ ಓಡಿದರೆ ಅದು ಸ್ಟುಡಿಯೊ ಅಂತ ಬೋರ್ಡು ಹಾಕಿಕೊಂಡ ಕ್ಲಾಸ್ ರೂಮು. ಆಮೇಲೆ ಒಂದು ಪ್ರಶ್ನೆ ಕೇಳಿ: ರೆಕಾರ್ಡರ್, ಮೈಕುಗಳನ್ನು ವಾರದ ಕೊನೆಗೆ ಮನೆಗೆ ಕೊಡುತ್ತೀರಾ? ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಹತ್ತು ಮೈಕಿಗಿಂತ ಸಹಿ ಮಾಡಿಸಿಕೊಂಡು ಕೈಗೆ ಕೊಡುವ ಎರಡು ಮೈಕು ಮೇಲು.

ಮೊದಲು ಹೆಡ್‌ಫೋನ್

ದುಡ್ಡು ಕೂಡಿದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಮೈಕಿನ ಮೇಲೆ. ಮೊದಲು ಕೊಳ್ಳಬೇಕಾದ್ದು ಹೆಡ್‌ಫೋನ್. ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ, ಹಿಂಬದಿ ಮುಚ್ಚಿದ ಮಾದರಿ ಬೇಕು. ಹಿಂಬದಿ ತೆರೆದದ್ದಾದರೆ ಅದರೊಳಗಿನ ಶಬ್ದ ಸೋರಿ ಮತ್ತೆ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಬೇಡ. ಅದರಲ್ಲಿ ಶಬ್ದ ತಡವಾಗಿ ಬರುತ್ತದೆ, ಓದುವವರಿಗೆ ತಮ್ಮ ಮಾತೇ ಹಿಂದಿನಿಂದ ಕೇಳಿ ನಾಲಿಗೆ ತಡವರಿಸುತ್ತದೆ.

ಮನೆಯಲ್ಲಿ ಮಾತು ರೆಕಾರ್ಡ್ ಮಾಡುವುದಕ್ಕೆ ಡೈನಾಮಿಕ್ ಕಾರ್ಡಿಯಾಯ್ಡ್ (ಮುಂದಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ) ಮೈಕ್ ಸಾಕು. ಕಂಡೆನ್ಸರ್ ಮೈಕಿನ ಕಿವಿ ಬಹಳ ಚುರುಕು. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು, ತೋಟದ ಪಂಪು, ಹಿತ್ತಲ ಜೀರುಂಡೆ ಎಲ್ಲವನ್ನೂ ಅದು ಶ್ರದ್ಧೆಯಿಂದ ಹಿಡಿದು ತರುತ್ತದೆ. ಡೈನಾಮಿಕ್‌ಗೆ ಬಾಯಿ ಹತ್ತಿರ ಇಡಬೇಕು, ಅದರಿಂದಲೇ ಹೊರಗಿನ ಶಬ್ದ ಹಿಂದೆ ಉಳಿಯುತ್ತದೆ. ತೊಂದರೆಯೂ ಇದೆ. ಇದಕ್ಕೆ 50ರಿಂದ 60 ಡಿಬಿ (ಡೆಸಿಬೆಲ್) ಗೇನ್, ಅಂದರೆ ಶಬ್ದ ಏರಿಸುವ ಪ್ರಮಾಣ, ಬೇಕಾಗಬಹುದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಆಡಿಯೊ ಇಂಟರ್‌ಫೇಸ್‌ಗಳು ಅಷ್ಟು ಏರಿಸಿದರೆ "ಸ್ಸ್" ಎನ್ನತೊಡಗುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಮೈಕ್ ಹಾಕಿ, ಗೇನ್ ಪೂರ್ತಿ ಏರಿಸಿ, ಹೆಡ್‌ಫೋನಿನಲ್ಲಿ ಬರೀ ಮೌನ ಕೇಳಿ ನೋಡಿ.

ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಕಿಲ್ಲ. ಆಡಾಸಿಟಿ ಉಚಿತ. ಹಲವು ಟ್ರ್ಯಾಕ್ ಬೇಕಾದಾಗ ರೀಪರ್ 60 ದಿನ ಉಚಿತವಾಗಿ ಬಳಸಿ ನೋಡಬಹುದು. ವಿಡಿಯೊ ಜೊತೆ ಕೆಲಸವಿದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗೇ ಆಡಿಯೊ ವಿಭಾಗವಾದ ಫೇರ್‌ಲೈಟ್ ಇದೆ. ಕಾಲೇಜಿನಲ್ಲಿ ಪ್ರೊ ಟೂಲ್ಸ್ ಕಲಿಸಿದರೆ ಕಲಿಯಿರಿ. ಒಂದರಲ್ಲಿ ಕೈ ಕುದುರಿದರೆ ಇನ್ನೊಂದರಲ್ಲಿ ಬಟನ್ ಎಲ್ಲಿದೆ ಅಂತ ಹುಡುಕುವುದಷ್ಟೇ ಬಾಕಿ.

ಪ್ರಾಜೆಕ್ಟ್ ತೆರೆದ ಕೂಡಲೇ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಅಂತ ನಿಗದಿ ಮಾಡಿ. ವಿಡಿಯೊದವರ ಲೆಕ್ಕವೂ 48. ಒಬ್ಬರು 44.1ರಲ್ಲಿ ರೆಕಾರ್ಡ್ ಮಾಡಿದ್ದನ್ನು ಇನ್ನೊಬ್ಬರ ಯಂತ್ರ 48 ಅಂತ ತಿಳಿದು ನುಡಿಸಿದರೆ ಮಾತು ಸುಮಾರು ಶೇ 9ರಷ್ಟು ವೇಗವಾಗಿ, ಶ್ರುತಿಯೂ ಏರಿ ಬರುತ್ತದೆ. "ನಮ್ಮ ಮೇಷ್ಟ್ರ ಧ್ವನಿ ಯಾಕೋ ಹುಡುಗನ ಧ್ವನಿ ಥರ ಇದೆ" ಅಂತ ಯಾರಾದರೂ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಲೆವೆಲ್ ಮಾತಿನ ಸರಾಸರಿಗೆ −18 ಡಿಬಿ ಆಸುಪಾಸು, ಜೋರಾದ ಮಾತಿಗೆ −12ರಿಂದ −6ರೊಳಗೆ ಇರಲಿ. ಮೀಟರು ಕೆಂಪಾಗುವವರೆಗೆ ಏರಿಸುವುದು ಟೇಪಿನ ಕಾಲದ ಅಭ್ಯಾಸ. 24 ಬಿಟ್‌ನಲ್ಲಿ ಮೆಲ್ಲಗೆ ಬಂದದ್ದನ್ನು ಆಮೇಲೆ ಏರಿಸಬಹುದು, ಸೊನ್ನೆ ದಾಟಿ ಕತ್ತರಿಸಿಹೋದದ್ದು ಹೋದಂತೆಯೇ.

ಹೆಂಚಿನ ಮನೆಯಲ್ಲಿ ಜಾಗ

ಹೆಂಚಿನ ಮೇಲೆ ಬೀಳುವ ಮಳೆ ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲೆಡೆ ಹರಡಿದ ಶಬ್ದ. ಅದನ್ನು ಮಾತಿನಿಂದ ಬೇರ್ಪಡಿಸುವ ಫಿಲ್ಟರ್ ಇಲ್ಲ. ನಾಯ್ಸ್ ರಿಡಕ್ಷನ್ 6ರಿಂದ 9 ಡಿಬಿವರೆಗೆ ಸಹಿಸಬಹುದು. 20ಕ್ಕೆ ಎಳೆದರೆ ಮಾತು ಬಾವಿಯೊಳಗಿಂದ, ಗುಳುಗುಳು ನೀರಿನ ನಡುವಿನಿಂದ ಬಂದಂತಾಗುತ್ತದೆ. ಆದ್ದರಿಂದ ಮಳೆ ಬಿಟ್ಟ ಹೊತ್ತು ಕಾಯುವುದು, ಇಲ್ಲವೇ ಅಟ್ಟದ ಕೆಳಗಿನ ಕೋಣೆಗೆ ಹೋಗುವುದು. ಹೆಂಚಿಗೂ ನಿಮಗೂ ನಡುವೆ ಮರದ ಹಲಗೆ, ಅದರ ಮೇಲೆ ಅಡಿಕೆ ಮೂಟೆಗಳಿದ್ದರೆ ಪುಷ್ಯ ಮಳೆಯಲ್ಲೂ ಅಲ್ಲಿ ಸಾಕಷ್ಟು ಸದ್ದಡಗಿರುತ್ತದೆ. ತಗಡಿನ ಶೀಟಿನ ಕೆಳಗೆ ಮಾತ್ರ ಯಾವ ಉಪಾಯವೂ ನಡೆಯದು.

ಭತ್ತ, ಅಡಿಕೆ, ಅಕ್ಕಿ ಮೂಟೆ ಇಡುವ ಕೋಣೆ ಮನೆಯೊಳಗಿನ ಒಳ್ಳೆಯ ಸ್ಟುಡಿಯೊ. ಮೂಟೆಗಳು ಶಬ್ದವನ್ನು ನುಂಗುತ್ತವೆ, ಉಬ್ಬುತಗ್ಗಾಗಿ ಇರುವುದರಿಂದ ಉಳಿದದ್ದನ್ನು ಚೆದುರಿಸುತ್ತವೆ. ಅಂಥ ಕೋಣೆ ಇಲ್ಲದಿದ್ದರೆ ಕಂಬಳಿ, ಕೌದಿ ನೇತುಹಾಕಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಕಂಬಳಿಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವುಡು, ಅದು ಕೇಳುವುದು ನಿಮ್ಮ ಮುಖವನ್ನೂ ನಿಮ್ಮ ತಲೆಯ ಹಿಂದಿನ ಗೋಡೆಯನ್ನೂ. ಮೊದಲ ಕಂಬಳಿ ನಿಮ್ಮ ಬೆನ್ನ ಹಿಂದೆ, ಗೋಡೆಯಿಂದ ಅರ್ಧ ಅಡಿ ಮುಂದೆ ಇಳಿಬೀಳಲಿ. ಎರಡನೆಯದು ಇದ್ದರೆ ಪಕ್ಕಕ್ಕೆ, ಮೂರನೆಯದು ಮೈಕಿನ ಹಿಂದೆ. ಕೋಣೆಯ ಮೂಲೆಯಲ್ಲಿ ಕೂರಬೇಡಿ, ಅಲ್ಲಿ ಕೆಳಸ್ವರ ಗುಂಯ್ ಎನ್ನುತ್ತದೆ. ಕೋಣೆಯ ನಟ್ಟನಡುವೆಯೂ ಬೇಡ.

ಬಾಯಿಂದ ಮೈಕಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಸುಮಾರು 15 ಸೆಂಟಿಮೀಟರ್. ಮೈಕನ್ನು ಬಾಯಿಗೆ ನೇರ ಇಡದೆ ಮೂವತ್ತು ಡಿಗ್ರಿ ಓರೆಯಾಗಿ, ತುಟಿಯ ಅಂಚಿನ ಕಡೆಗೆ ತಿರುಗಿಸಿ. ಇನ್ನೂ ಹತ್ತಿರ ಹೋದರೆ ಧ್ವನಿ ದಪ್ಪವಾಗುತ್ತದೆ. ರೇಡಿಯೊ ಧ್ವನಿ ಬಂತು ಅಂತ ಖುಷಿಪಡುವ ಹೊತ್ತಿಗೆ ಕೇಳುವವರಿಗೆ ಗೊಗ್ಗರಾಗಿರುತ್ತದೆ. ಪರೀಕ್ಷೆಗೆ "ಹಲೋ ಮೈಕ್ ಚೆಕ್ ಒನ್ ಟೂ" ಬೇಡ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರು ಓದಿ: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ. ಶ, ಸಗಳಲ್ಲಿ ಸೀಟಿ ಹೊಡೆದರೆ ಮೈಕ್ ಇನ್ನಷ್ಟು ಓರೆಯಾಗಲಿ. ಭದ್ರಾವತಿಯ "ಭ" ಅಥವಾ ಶಿಕಾರಿಪುರದ "ಪು" ಧಪ್ ಎಂದರೆ ಉಸಿರು ನೇರ ಬಡಿಯುತ್ತಿದೆ, ಉಸಿರನ್ನು ತಡೆಯುವ ಪಾಪ್ ಫಿಲ್ಟರ್ ಬೇಕು. ಹೊಸನಗರದ "ಹೊ" ಗಾಳಿಯಾಗಿ ಕೇಳಿದರೆ ತೀರಾ ಹತ್ತಿರ ಕೂತಿದ್ದೀರಿ. ತೀರ್ಥಹಳ್ಳಿಯಲ್ಲಿ "ಥ" ಮತ್ತು "ಹ" ಎರಡೂ ಸ್ಪಷ್ಟವಾಗಿ ಬಂದರೆ ನಾಲಿಗೆಯೂ ಪಾಸು.

ಓದು ಮುಗಿದ ಮೇಲೆ ಮೂವತ್ತು ಸೆಕೆಂಡ್ ಯಾರೂ ಉಸಿರೆತ್ತದೆ ಬರೀ ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್‌ನಲ್ಲಿ ತುಂಡುಗಳ ನಡುವೆ ತುಂಬಲು ಇದೇ ಬೇಕು. ಪೂರ್ತಿ ಮೌನ ತುಂಬಿದರೆ ರೇಡಿಯೊ ಕೆಟ್ಟಿತೇನೋ ಎಂದು ಕೇಳುಗರು ಗುಂಡಿ ತಿರುಗಿಸುತ್ತಾರೆ.

"ಗುಂಯ್" ಹಿಡಿಯುವ ಕ್ರಮ

ಹೆಡ್‌ಫೋನಿನಲ್ಲಿ ಒಂದೇ ಸಮ ಕೆಳಸ್ವರದ ಗುಂಯ್ ಇದ್ದರೆ ಅದು ಕರೆಂಟಿನದು, 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150. ಗುಂಯ್ ಎನ್ನದೆ ಕಿರ್ರ್ ಎಂದರೆ ಸಾಮಾನ್ಯವಾಗಿ ಚಾರ್ಜರ್, ಎಲ್‌ಇಡಿ ಬಲ್ಬು ಅಥವಾ ಯುಪಿಎಸ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಕೇಳಿ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ನಿಂತಿತೇ? ಹಾಗಾದರೆ ದೋಷ ಅರ್ಥಿಂಗ್‌ನದು ಅಥವಾ ಚಾರ್ಜರಿನದು, ಇವತ್ತಿಗೆ ಬ್ಯಾಟರಿ ಮೇಲೆ ಕೆಲಸ ಮುಗಿಸಿ. ನಿಲ್ಲದಿದ್ದರೆ ಕೋಣೆಯ ಬಲ್ಬು, ಫ್ಯಾನ್ ರೆಗ್ಯುಲೇಟರ್, ಫ್ರಿಜ್ ಒಂದೊಂದಾಗಿ ಆರಿಸಿ. ಆಗಲೂ ಇದ್ದರೆ ಮೈಕಿನ ಕೇಬಲ್ ಕರೆಂಟಿನ ವೈರಿನ ಪಕ್ಕದಲ್ಲೇ ಉದ್ದಕ್ಕೆ ಮಲಗಿದೆಯೇ ನೋಡಿ. ದಾಟಿಸಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಕೊನೆಗೆ ಕೇಬಲ್ ಬದಲಿಸಿ.

ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ 1ನೇ ಪಿನ್ನು ಕವಚದ ತಂತಿ, ಒಂದೇ ಸಂಕೇತ 2ರಲ್ಲಿ ನೇರವಾಗಿ, 3ರಲ್ಲಿ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಗುಂಯ್ ಆ ಕಡೆ ಕಳೆದುಹೋಗುವುದು ಇದರಿಂದಲೇ. ಒಂದು ಪಿನ್ನಿನ ಬೆಸುಗೆ ಬಿಟ್ಟರೆ ಈ ಲೆಕ್ಕ ಕೆಡುತ್ತದೆ. ಕನೆಕ್ಟರಿನ ಬುಡದಲ್ಲಿ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ, ಚಟಪಟ ಬಂದರೆ ಬಿಚ್ಚಿ ಬೆಸುಗೆ ನೋಡಿ. ಮೊಣಕೈಗೆ ಸುತ್ತಿ ಸುತ್ತಿ ಇಡುವ ಕೇಬಲ್ ಒಳಗೆ ತಿರುಚಿ ಬೇಗ ಹಾಳಾಗುತ್ತದೆ. ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ ಹಾಕಿ ಸುತ್ತುವುದನ್ನು ಮೊದಲ ವಾರವೇ ಕಲಿಯಿರಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಒದ್ದೆ ನೆಲ, ಬರಿಗಾಲು, ಲೋಹದ ಮೈಕು ಮೂರೂ ಕೂಡಿದಾಗ ಪ್ರಾಣಕ್ಕೇ ಅಪಾಯ.

ಬೂಷ್ಟು ಹಿಡಿಯುವ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಕಡೆ ಮೈಕು ಹೊರತಾಗುತ್ತದೆಯೇ? ಕಂಡೆನ್ಸರ್ ಮೈಕಿನ ತೆಳು ಪೊರೆಯ ಮೇಲೆ ತೇವ ಕೂತರೆ ಅಲ್ಲಿನ ವಿದ್ಯುತ್ತು ಸೋರಿ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಕೇಳುತ್ತದೆ. ಕೆಟ್ಟಿತೆಂದು ಹೆದರಬೇಡಿ, ಒಣಗಿದರೆ ಬಹುತೇಕ ಸರಿಹೋಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಇನ್ನೂರು ಗ್ರಾಮ್ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಹೈಗ್ರೋಮೀಟರ್. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಿಸುವ ಜೆಲ್ ತಂದರೆ ಯಾವಾಗ ತುಂಬಿತೆಂದು ಕಣ್ಣಿಗೇ ಗೊತ್ತಾಗುತ್ತದೆ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ತೌಡಿನ ಧೂಳು ಜಾಲರಿಯೊಳಗೆ ಇಳಿಯುತ್ತದೆ. ಒಲೆಯ ಮೇಲೆ ಒಣಗಿಸುವುದೂ ಬೇಡ, ತೇವ ಹೋಗಿ ಹೊಗೆಯ ಜಿಡ್ಡು ಬರುತ್ತದೆ.

ಕೊಡೆ ಹಿಡಿದು ಆಗುಂಬೆಯ ತಂಪಿನಿಂದ ಬಂದವರು ಬೆಚ್ಚಗಿನ ಕೋಣೆಯಲ್ಲಿ ತಟ್ಟನೆ ಬ್ಯಾಗ್ ತೆರೆದರೆ ಮೈಕಿನ ಮೇಲೆ ಇಬ್ಬನಿ ಕೂರುತ್ತದೆ. ಬ್ಯಾಗನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಬಿಡಿ. ವಾರಗಟ್ಟಲೆ ಬಳಸದಿದ್ದರೆ ರೆಕಾರ್ಡರಿನ ಸೆಲ್ ತೆಗೆದಿಡಿ. ಸೋರಿದ ಸೆಲ್ಲಿನ ಹಸಿರು ಕಿಲುಬು ಸ್ಪ್ರಿಂಗನ್ನೇ ತಿನ್ನುತ್ತದೆ.

ಡೊಳ್ಳು, ಚಂಡೆ, ಗಮಕ

ಬೇರೆ ಊರಿನ ವಿದ್ಯಾರ್ಥಿಗಳಿಗೆ ಸಿಗದ ಅಭ್ಯಾಸ ಇಲ್ಲಿದೆ. ಡೊಳ್ಳಿಗೆ ಮೈಕನ್ನು ಹತ್ತಿರ ಒಯ್ಯಬೇಡಿ. ಮೂರು-ನಾಲ್ಕು ಮೀಟರ್ ದೂರದಲ್ಲಿ, ಎದೆಯಿಂದ ಮೇಲೆ, ಎರಡು ಮೈಕುಗಳ ತಲೆ ಕೂಡಿಸಿ ತೊಂಬತ್ತು ಡಿಗ್ರಿ ಕೋನದಲ್ಲಿ ಇಡಿ. ಮೈಕಿನಲ್ಲಿ ಜೋರು ಶಬ್ದವನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಹಾಕಿ. ತಾಲೀಮಿನಲ್ಲಿ ಡೊಳ್ಳಿನವರು ಅರ್ಧ ಬಲದಲ್ಲೇ ಬಾರಿಸುತ್ತಾರೆ, ಕಣಕ್ಕೆ ಇಳಿದ ಮೇಲೆ ಕೈ ಬೇರೆಯೇ ಆಗುತ್ತದೆ. ತಾಲೀಮಿನಲ್ಲಿ ಕಂಡ ಲೆವೆಲ್‌ಗಿಂತ ಇನ್ನೂ 10 ಡಿಬಿ ಕೆಳಗಿಡಿ. ನಿಮ್ಮ ಕಿವಿಯೂ ಉಪಕರಣವೇ: 85 ಡಿಬಿ ಶಬ್ದವನ್ನು ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡಿಬಿ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಡೊಳ್ಳಿನ ಪಕ್ಕ ನಿಲ್ಲುವುದಾದರೆ ಇಯರ್‌ಪ್ಲಗ್ ಜೇಬಿನಲ್ಲಿರಲಿ.

ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚಂಡೆ ಒಂದೇ ರಂಗದ ಮೇಲೆ ಇರುತ್ತಾರೆ. ಭಾಗವತರ ಮೈಕಿನ ಬೆನ್ನು ಚಂಡೆಯ ಕಡೆಗೆ ಇರುವಂತೆ ತಿರುಗಿಸಿ. ಸೌಂಡ್ ಸಿಸ್ಟಮ್‌ನವರ ಮಿಕ್ಸರಿನಿಂದ ಒಂದು ಲೈನ್ ಸಿಕ್ಕಿದರೆ ತೆಗೆದುಕೊಳ್ಳಿ, ಆದರೆ ಅದನ್ನು ಮೈಕ್ ಇನ್‌ಪುಟ್‌ಗೆ ಹಾಕಿದರೆ ಹರಿದ ಬಟ್ಟೆಯಂಥ ಶಬ್ದ ಬರುತ್ತದೆ, ಲೈನ್ ಇನ್‌ಪುಟ್‌ಗೇ ಹಾಕಬೇಕು. ಆ ಲೈನಿನಲ್ಲಿ ಚಂಡೆ ಸಣ್ಣಗೆ ಇರುತ್ತದೆ. ಅದು ತಾನೇ ಜೋರಾಗಿರುವುದರಿಂದ ಸ್ಪೀಕರಿಗೆ ಅದನ್ನು ಯಾರೂ ಏರಿಸಿರುವುದಿಲ್ಲ. ಹಾಗಾಗಿ ಸಭೆಯಲ್ಲಿ ಇನ್ನೊಂದು ಜೊತೆ ಮೈಕ್ ಇಟ್ಟು ಎರಡನ್ನೂ ಬೆರೆಸಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಹತ್ತು ಮೀಟರ್ ದೂರದ ಮೈಕಿಗೆ 29 ಮಿಲಿಸೆಕೆಂಡ್ ತಡ. ಎಡಿಟ್‌ನಲ್ಲಿ ಆ ಟ್ರ್ಯಾಕನ್ನು ಅಷ್ಟು ಆರಂಭದ ಕಡೆಗೆ (ಎಡಕ್ಕೆ) ಎಳೆಯದಿದ್ದರೆ ಪ್ರತಿ ಪೆಟ್ಟೂ ಜೋಡಿಯಾಗಿ ಕೇಳುತ್ತದೆ. ಇನ್ನೊಂದು ತೊಡಕು ಇದೆ: 48/24 ಸ್ಟೀರಿಯೊ ಗಂಟೆಗೆ ಸುಮಾರು 1 ಜಿಬಿ. ಹಳೆಯ ಮಾದರಿಯ ಕಾರ್ಡ್ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಅಂದರೆ ನಾಲ್ಕು ಗಂಟೆಗೆ ಮುಗಿಯಿತು. ಬೆಳಗಿನವರೆಗೆ ನಡೆಯುವ ಆಟದಲ್ಲಿ ಕೆಲವು ರೆಕಾರ್ಡರು ತಾವೇ ಹೊಸ ಫೈಲ್ ತೆರೆಯುತ್ತವೆ, ಕೆಲವು ಸುಮ್ಮನೆ ನಿಲ್ಲುತ್ತವೆ. ನಿಮ್ಮದು ಯಾವ ಜಾತಿ ಅಂತ ಮನೆಯಲ್ಲೇ ಒಂದು ರಾತ್ರಿ ಓಡಿಸಿ ತಿಳಿದುಕೊಳ್ಳಿ.

ಹೊಸಹಳ್ಳಿಯ ಗಮಕದಂಥ ವಾಚನಕ್ಕೆ ಲೆಕ್ಕ ಬೇರೆ. ಓದುವವರಿಗೊಂದು, ವ್ಯಾಖ್ಯಾನಕಾರರಿಗೊಂದು ಮೈಕ್. ಬಾಯಿಂದ ಮೈಕಿಗೆ 30 ಸೆಂಟಿಮೀಟರ್ ಇದ್ದರೆ ಎರಡು ಮೈಕುಗಳ ನಡುವೆ ಕನಿಷ್ಠ 90 ಇರಲಿ, ಇಲ್ಲದಿದ್ದರೆ ಒಬ್ಬರ ಮಾತು ಎರಡೂ ಮೈಕಿಗೆ ಹೊಕ್ಕು ಟೊಳ್ಳಾಗಿ ಕೇಳುತ್ತದೆ. ಯಾರದೇ ಧ್ವನಿ ಹಿಡಿದರೂ ಶುರುವಿನಲ್ಲೇ ಹೆಸರು, ಊರು, ಬಳಕೆಗೆ ಒಪ್ಪಿಗೆ ಇವನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ.

ಬರೆಯುವುದು, ಕತ್ತರಿಸುವುದು

ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದುವವರು ಕಣ್ಣು ಹಿಂದಕ್ಕೆ ಹಾಯಿಸಬಹುದು, ಕೇಳುವವರು ಏನಾಯಿತು ಅಂತ ತಿಳಿಯಲು ಕೊನೆವರೆಗೆ ಎಲ್ಲವನ್ನೂ ಹೊತ್ತುಕೊಂಡು ಕೂರಬೇಕು. "ಕಳೆದ ವಾರ ಸುರಿದ ಭಾರಿ ಮಳೆಯಿಂದಾಗಿ ಹಲವು ಗ್ರಾಮಗಳಿಗೆ ಸಂಪರ್ಕ ಕಲ್ಪಿಸುವ ಕಿರುಸೇತುವೆ ಕೊಚ್ಚಿಹೋಗಿದ್ದು, ವಿದ್ಯಾರ್ಥಿಗಳು ಪರದಾಡುವಂತಾಗಿದೆ" ಎನ್ನುವುದು ಪತ್ರಿಕೆಯ ವಾಕ್ಯ. ರೇಡಿಯೊಗೆ ಹೀಗೆ: "ಕಿರುಸೇತುವೆ ಕೊಚ್ಚಿಹೋಗಿದೆ, ಕಳೆದ ವಾರದ ಮಳೆಗೆ. ಮಕ್ಕಳು ಶಾಲೆಗೆ ಹೋಗಬೇಕಾದರೆ ಈಗ ಹಳ್ಳ ದಾಟಬೇಕು." ಮಾತಾಡಿಸಿದವರ ಮಾತನ್ನು ಮಾತ್ರ ತಿದ್ದಬೇಡಿ. ಸೊರಬದ ಅಜ್ಜಿ ಸೊರಬದ ಹಾಗೇ ಮಾತಾಡಲಿ.

ಕತ್ತರಿಸುವುದಕ್ಕೆ ಒಳ್ಳೆಯ ಜಾಗ ಕ, ತ, ಪಗಳ ಮುಂಚೆ. ಈ ವ್ಯಂಜನ ಸಿಡಿಯುವ ಮೊದಲು ಬಾಯಿ ಒಂದು ಕ್ಷಣ ಮುಚ್ಚಿ ಮೌನವಾಗಿರುತ್ತದೆ, ಅಲ್ಲಿ ಕತ್ತರಿ ಆಡಿದ್ದು ಗೊತ್ತಾಗುವುದಿಲ್ಲ. ಜೋಡಿಸುವಲ್ಲಿ 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಡಿ. ಇದೇ ಕಾರಣಕ್ಕೆ ಮೌನವನ್ನು ತಾನಾಗಿ ತೆಗೆಯುವ ಸಾಧನಗಳ ಬಗ್ಗೆ ಎಚ್ಚರ. "ಹತ್ತು" ಎನ್ನುವಾಗ ಎರಡು ತಕಾರದ ನಡುವೆ ಕಾಲು ಸೆಕೆಂಡಿಗೂ ಕಡಿಮೆಯ ಮೌನವಿದೆ, ಆ ಪದದ ಒತ್ತು ಇರುವುದೇ ಅದರಲ್ಲಿ. ಸಾಧನದ ಕನಿಷ್ಠ ಅವಧಿಯನ್ನು ತೀರಾ ಕಡಿಮೆ ಇಟ್ಟರೆ ಅದು ಆ ಮೌನವನ್ನೂ ನುಂಗಿ "ಹತು" ಮಾಡುತ್ತದೆ, "ಅಕ್ಕ" "ಅಕ" ಆಗುತ್ತಾಳೆ. ಅರ್ಧ ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ.

ಮಾತಿಗೆ ಇಷ್ಟು ಸಾಕು: 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಗೊಗ್ಗರಾಗಿದ್ದರೆ 250ರ ಸುತ್ತ 2-3 ಡಿಬಿ ಇಳಿಸಿ. ಜೋರಾದ ಮಾತನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ 3:1, ಮೀಟರು 3ರಿಂದ 6 ಡಿಬಿ ಇಳಿತ ತೋರಿಸಲಿ. ಹಿನ್ನೆಲೆ ಸಂಗೀತ ಮಾತಿಗಿಂತ 15 ಡಿಬಿಗೂ ಕೆಳಗಿರಲಿ. ಅದು ಸಿನಿಮಾ ಹಾಡಾಗದಿರಲಿ, ಕ್ಲಾಸಿನೊಳಗೆ ನಡೆದದ್ದು ಹೊರಗೆ ಹಾಕಿದ ದಿನ ಕಾಪಿರೈಟ್ ತಕರಾರಾಗುತ್ತದೆ. ಕೊನೆಯ ಒಟ್ಟು ಜೋರು ಪಾಡ್‌ಕಾಸ್ಟಿಗೆ −16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸು, ಯುರೋಪಿನ ಪ್ರಸಾರ ಮಾನದಂಡದ ಪ್ರಕಾರ ಕೇಳಿದರೆ −23. ಶಿಖರ −1 ಡಿಬಿ ದಾಟದಿರಲಿ. ಆಮೇಲೆ ಫೋನಿನ ಸ್ಪೀಕರಿನಲ್ಲಿ, ಓಡುವ ಬಸ್ಸಿನ ಕಿಟಕಿ ಪಕ್ಕ ಕೂತು ಒಮ್ಮೆ ಕೇಳಿ. ಮಾತು ಅಲ್ಲಿ ತಿಳಿಯದಿದ್ದರೆ ಸಂಗೀತ ಇನ್ನೂ ಇಳಿಯಬೇಕು.

ರೆಕಾರ್ಡ್ ಆಗುತ್ತಿರುವಾಗ ಕರೆಂಟು ಹೋದರೆ ಫೈಲ್ ಮುಚ್ಚಿಕೊಳ್ಳದೆ ಉಳಿದು, ತೆರೆಯಲು ಬಾರದಂತಾಗಬಹುದು. ರೆಕಾರ್ಡರು ಸದಾ ಸೆಲ್ಲಿನ ಮೇಲೆ ಓಡಲಿ, ಕೆಟ್ಟ ಫೈಲನ್ನು ಅಳಿಸಬೇಡಿ. ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡಿ. ಆಡಾಸಿಟಿಯಲ್ಲಿ ರಾ ಡೇಟಾ ಆಮದು ಮಾಡಿ, 24 ಬಿಟ್, 48 ಕಿಲೋಹರ್ಟ್ಸ್ ಅಂತ ಕೈಯಾರೆ ಹೇಳಿದರೆ ಹೆಚ್ಚಿನ ಸಲ ಮಾತು ಮರಳಿ ಸಿಗುತ್ತದೆ. ಬರೀ ಗರಗರ ಬಂದರೆ ಆರಂಭದ ಬೈಟನ್ನು ಒಂದು, ಎರಡು ಅಂತ ಸರಿಸಿ ನೋಡಿ.

ಭದ್ರಾವತಿ ಆಕಾಶವಾಣಿಗೋ (103.5), ಸಮುದಾಯ ಬಾನುಲಿಗೋ ಮಾದರಿ ಕಳಿಸುವಾಗ ಎರಡು ನಿಮಿಷದ ಮೂರು ತುಣುಕು ಸಾಕು: ಒಂದು ಓದು, ಒಂದು ಸಂದರ್ಶನ, ಒಂದು ಶಬ್ದಚಿತ್ರ. ಆಕಾಶವಾಣಿಯ ಯುವವಾಣಿ ಇರುವುದೇ ಯುವಜನರಿಗೆ. ಕಳಿಸುವ ಮುಂಚೆ ಯಾವ ಫಾರ್ಮ್ಯಾಟ್ ಬೇಕು ಅಂತ ಫೋನ್ ಮಾಡಿ ಕೇಳಿ. ಫೈಲಿನ ಹೆಸರು "ಫೈನಲ್ ಫೈನಲ್ 2" ಅಂತಿರದೆ ನಿಮ್ಮ ಹೆಸರು, ವಿಷಯ, ಅವಧಿ, ದಿನಾಂಕ ಹೇಳಲಿ. ಶುರುವಿನಲ್ಲಿ ಒಂದು ಸೆಕೆಂಡ್ ಕೋಣೆಯ ಮೌನ ಬಿಟ್ಟಿರಿ, ಪ್ಲೇ ಒತ್ತಿದಾಗ ಮೊದಲ ಅಕ್ಷರ ನುಂಗಿಹೋಗುವುದಿಲ್ಲ.